ನಾಕ್ಸೊಸ್ ದ್ವೀಪದಲ್ಲಿ ಎರಡೂವರೆ ತಿಂಗಳು: ಕಲಬುರಗಿಯಿಂದ ಹೋಗುವವರಿಗೆ

ಮೇ ತಿಂಗಳ 43 ಡಿಗ್ರಿಯಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಸುತ್ತಿ ಬರುವವರಿಗೆ ಗ್ರೀಸ್‌ನ 30 ಡಿಗ್ರಿ ಲೆಕ್ಕಕ್ಕೇ ಬರುವುದಿಲ್ಲ. ಎಡವುವುದೂ ಅಲ್ಲಿಯೇ. ನಾಕ್ಸೊಸ್‌ನಲ್ಲಿ ಆಟ ಆಡಿಸುವುದು ಬಿಸಿಲಲ್ಲ, ಗಾಳಿ. ಮೆಲ್ತೆಮಿ ಎನ್ನುವ ಬಡಗಣ ಗಾಳಿ ಜುಲೈ-ಆಗಸ್ಟ್‌ನಲ್ಲಿ ಒಮ್ಮೆ ಎದ್ದರೆ ಮೂರು-ನಾಲ್ಕು ದಿನ ಬಿಡದೆ ಬೀಸುತ್ತದೆ. ಬೆವರು ಬಂದದ್ದೇ ತಿಳಿಯದ ಹಾಗೆ ಆರಿಸಿಬಿಡುತ್ತದೆ, ಚರ್ಮ ಸುಟ್ಟದ್ದು ರಾತ್ರಿ ಹಾಸಿಗೆಯಲ್ಲಿ ಗೊತ್ತಾಗುತ್ತದೆ. ಇನ್ನೊಂದು ತೊಡಕು ಅಲ್ಲಿನ ಗಡಿಯಾರ: ಅಂಗಡಿ, ಬಸ್ಸು, ನಿದ್ದೆ ಎಲ್ಲಕ್ಕೂ ಬೇರೆಯೇ ಹೊತ್ತು. ಈ ಎರಡನ್ನು ಮೊದಲೇ ಅರಿತು ಹೋದರೆ ಉಳಿದದ್ದು ಸುಲಭ.

ಹೋಗಲು ಒಳ್ಳೆಯ ಕಾಲ ಏಪ್ರಿಲ್ ಮಧ್ಯದಿಂದ ಜೂನ್ ಕೊನೆ, ಇಲ್ಲವೇ ಸೆಪ್ಟೆಂಬರ್-ಅಕ್ಟೋಬರ್. ನಮ್ಮಲ್ಲಿ ನೆಲ ಕಾದು ಬಿರಿಯುವ ಹೊತ್ತಿಗೆ ಅಲ್ಲಿ ಹೊಲದ ಬದುವಿನಲ್ಲಿ ಹೂವು. ಮಳೆಗಾಲ ನಮ್ಮದಕ್ಕೆ ತಿರುಗುಮುರುಗು. ಮಳೆ ಚಳಿಗಾಲದಲ್ಲಿ ಬರುತ್ತದೆ, ಜೂನ್‌ನಿಂದ ಆಗಸ್ಟ್‌ವರೆಗೆ ಹನಿಯೂ ಬೀಳದಿರಬಹುದು. ಆಗಸ್ಟ್ 15ರ ಮೇರಿ ಮಾತೆಯ ಹಬ್ಬದ ಆಸುಪಾಸು ಮತ್ತು ಈಸ್ಟರ್ ವಾರದಲ್ಲಿ ಹಡಗು, ಕೋಣೆ ಎರಡೂ ತುಂಬಿರುತ್ತವೆ. ಗ್ರೀಕರ ಈಸ್ಟರ್ ನಮ್ಮ ಕ್ಯಾಲೆಂಡರಿನ ಈಸ್ಟರ್ ದಿನವೇ ಬೀಳಬೇಕೆಂದಿಲ್ಲ. 2027ರಲ್ಲಿ ಅದು ಮೇ 2ಕ್ಕೆ ಇದೆ.

ವೀಸಾ ದಿನಗಳ ಲೆಕ್ಕ

ಗ್ರೀಸ್ ಶೆಂಗೆನ್ ಒಕ್ಕೂಟದ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನ, ದೇಶ. ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳೊಳಗೆ ಹೆಚ್ಚೆಂದರೆ 90 ದಿನ ಇರಬಹುದು. ಇಳಿದ ದಿನ, ಹೊರಟ ದಿನ ಎರಡನ್ನೂ ಎಣಿಸುತ್ತಾರೆ. 'ಮೂರು ತಿಂಗಳು' ಎಂದುಕೊಂಡು ಏಪ್ರಿಲ್ 1ರಿಂದ ಜೂನ್ 30ರವರೆಗೆ ಟಿಕೆಟ್ ತೆಗೆಸಿದರೆ 91 ದಿನ ಆಯಿತು, ಒಂದು ದಿನದ ತಪ್ಪಿಗೆ ಮುಂದಿನ ವೀಸಾಕ್ಕೂ ಕಲ್ಲು ಬೀಳುತ್ತದೆ. ವೀಸಾ ಚೀಟಿಯ ಮೇಲೆ ಎರಡು ಬೇರೆ ಸಂಗತಿ ಇರುತ್ತವೆ: ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಮತ್ತು ಒಟ್ಟು ಎಷ್ಟು ದಿನ. ಎರಡನ್ನೂ ನೋಡಿ, ಎರಡನೆಯದನ್ನು ಮರೆಯಬೇಡಿ. ಎಷ್ಟೋ ಸಲ 90ರ ಬದಲು ನೀವು ತೋರಿಸಿದ ಟಿಕೆಟ್ಟಿನಷ್ಟೇ ದಿನ ಕೊಟ್ಟಿರುತ್ತಾರೆ. ಹಾಗಾಗಿ ಎರಡೂವರೆ ತಿಂಗಳಿಗೆ ಯೋಜನೆ ಹಾಕುವುದು ಜಾಣತನ.

ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ಶುಲ್ಕ ದೊಡ್ಡವರಿಗೆ 90 ಯೂರೊ, ವೀಸಾ ಸಿಗದಿದ್ದರೂ ವಾಪಸ್ ಇಲ್ಲ. ಪ್ರವಾಸ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ಪಾಸ್‌ಪೋರ್ಟ್ ಮರಳುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು.

ಚೀಲದಲ್ಲಿ ಏನಿರಬೇಕು, ಏನಿರಬಾರದು

ಯುರೋಪಿನ ಹೊರಗಿನಿಂದ ಬರುವವರು ಹಾಲಿನ ಪದಾರ್ಥ ಮತ್ತು ಮಾಂಸ ತರುವಂತಿಲ್ಲ. ತುಪ್ಪದ ಡಬ್ಬಿ, ಪೇಢಾ, ಖೋವಾ ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಹೋಗುತ್ತವೆ. ಹಸಿ ಕರಿಬೇವು, ಹಸಿ ಮೆಣಸಿನಕಾಯಿಯೂ ಬೇಡ. ಶೇಂಗಾ ಹಿಂಡಿ, ಖಾರದ ಪುಡಿ, ತೊಗರಿ ಬೇಳೆ, ಹಿಟ್ಟು ಇವನ್ನು ಅಂಗಡಿಯ ಸೀಲ್ ಪ್ಯಾಕೆಟ್‌ನಲ್ಲೇ ಒಯ್ದರೆ ಪ್ರಶ್ನೆ ಕಡಿಮೆ. ತೊಗರಿ ಬೇಳೆ ನಾಕ್ಸೊಸ್‌ನಲ್ಲಿ ಸಿಗುತ್ತದೆಂದು ನಂಬಿ ಹೋಗಬೇಡಿ. ಇಬ್ಬರಿಗೆ 70 ದಿನಕ್ಕೆ, ತಲೆಗೆ ದಿನಕ್ಕೆ 30 ಗ್ರಾಂ ಹಿಡಿದರೆ, ಸುಮಾರು 4 ಕಿಲೊ. ಮೂರು ಲೀಟರಿನ ಕುಕ್ಕರ್ ಜೊತೆಗಿರಲಿ.

ಜೋಳದ ಹಿಟ್ಟು 2 ಕಿಲೊಗಿಂತ ಹೆಚ್ಚು ಬೇಡ. ಹಳೆಯದಾದಷ್ಟು ಜಿಗಿ ಬಿಟ್ಟು ರೊಟ್ಟಿ ಬಡಿಯುವಾಗ ಅಂಚು ಹರಿಯುತ್ತದೆ, ಆಮೇಲೆ ಕಹಿಯೂ ಆಗುತ್ತದೆ. ಮೊದಲ ಮೂರು ವಾರಕ್ಕೆ ಹಿಟ್ಟು, ಅಲ್ಲಿಂದ ಮುಂದೆ ಖಡಕ್ ರೊಟ್ಟಿ ಎಂದು ಹಂಚಿಕೊಳ್ಳಿ. ಖಡಕ್ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ದರೆ ಪುಡಿಯಾಗುವುದಿಲ್ಲ, ಕಡಲ ತೇವಕ್ಕೆ ಮೆತ್ತಗೂ ಆಗುವುದಿಲ್ಲ.

ಮಾತ್ರೆಗಳಿಗೆ ವೈದ್ಯರ ಚೀಟಿ ಇಂಗ್ಲಿಷ್‌ನಲ್ಲಿರಲಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ನೋವಿನ ಮಾತ್ರೆಯ ವಿಷಯದಲ್ಲಿ ಗ್ರೀಸ್ ಬಿಗಿ, ಚೀಟಿ ಇಲ್ಲದೆ ಇಟ್ಟುಕೊಳ್ಳಬಾರದು. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ, ಅಡಾಪ್ಟರ್ ಬೇಕು. ವೋಲ್ಟೇಜ್ ಮಾತ್ರ ನಮ್ಮದೇ 230.

ಮನೆ

ಎರಡು ತಿಂಗಳಿಗೆ ಹೋಟೆಲ್ ಬೇಡ, ಅಡುಗೆ ಕಟ್ಟೆ ಇರುವ ಕೋಣೆ ಹಿಡಿಯಿರಿ. ಅದಕ್ಕೆ ಸ್ಟುಡಿಯೊ ಎನ್ನುತ್ತಾರೆ. ಬಂದರು ಇರುವ ಪಟ್ಟಣ ಹೋರಾದಲ್ಲೇ ಇದ್ದರೆ ಒಳ್ಳೆಯದು. ಎಲ್ಲ ಬಸ್ಸೂ ಅಲ್ಲಿಂದಲೇ ಹೊರಡುತ್ತವೆ. ಕೇಳಬೇಕಾದ ಮುಖ್ಯ ಪ್ರಶ್ನೆ 'ಕಡಲು ಕಾಣುತ್ತದೆಯೇ' ಎನ್ನುವುದಲ್ಲ, 'ಬಾಲ್ಕನಿ ಉತ್ತರಕ್ಕಿದೆಯೇ' ಎನ್ನುವುದು. ಉತ್ತರಕ್ಕಿದ್ದರೆ ಗಾಳಿ ನೇರ ಬಡಿಯುತ್ತದೆ, ಒಣಹಾಕಿದ ಬಟ್ಟೆ ಪಕ್ಕದ ಓಣಿಯಲ್ಲಿ ಹುಡುಕಬೇಕಾಗುತ್ತದೆ.

ಒಳಗೆ ಹೋದ ಕೂಡಲೇ ಫ್ಯೂಸ್ ಬೋರ್ಡ್ ಎಲ್ಲಿದೆ ನೋಡಿ. ಗ್ರೀಕ್ ಮನೆಗಳಲ್ಲಿ ಒಲೆಗೂ ಗೀಸರ್‌ಗೂ ಅಲ್ಲಿಯೇ ಬೇರೆ ಸ್ವಿಚ್ ಇರುವುದು ಸಾಮಾನ್ಯ. ಒಲೆ ಕಾಯಲಿಲ್ಲವೆಂದು ಮನೆಯೊಡತಿಗೆ ಫೋನ್ ಮಾಡುವ ಮೊದಲು 'ಕುಝೀನಾ' ಸ್ವಿಚ್ ಏರಿಸಿ. ಬಿಸಿನೀರಿಗೆ ಹಲವು ಕಡೆ ಮಾಳಿಗೆಯ ಮೇಲೆ ಸೋಲಾರ್ ಇರುತ್ತದೆ. ಮೋಡದ ದಿನ ಮಾತ್ರ 'ಥರ್ಮೊಸಿಫೊನಾ' ಸ್ವಿಚ್ ಅರ್ಧ ಗಂಟೆ ಹಾಕಿ, ನೆನಪಿಟ್ಟು ತೆಗೆಯಿರಿ. ಶೌಚದಲ್ಲಿ ಕಾಗದವನ್ನು ಕಮೋಡಿಗೆ ಹಾಕುವಂತಿಲ್ಲ, ಪಕ್ಕದ ಬುಟ್ಟಿಗೆ. ಕೊಳವೆ ಕಿರಿದು, ಕಟ್ಟಿಕೊಳ್ಳುತ್ತದೆ. ಕುಡಿಯಲು ಬಾಟಲಿ ನೀರು ತನ್ನಿ, ನಲ್ಲಿ ನೀರು ಪಾತ್ರೆ ತೊಳೆಯಲು ಸಾಕು.

ಒಲೆ ಹೆಚ್ಚಾಗಿ ಕರೆಂಟಿನ ತಟ್ಟೆ. ರೊಟ್ಟಿಗೆ ಅದನ್ನು ಎಂಟು-ಹತ್ತು ನಿಮಿಷ ಖಾಲಿ ಹಂಚಿನೊಂದಿಗೆ ಕಾಯಿಸಬೇಕು. ಹಂಚಿನ ತಳ ಸಪಾಟಾಗಿರಬೇಕು, ನಮ್ಮ ಗುಳಿ ಹಂಚು ತಟ್ಟೆಗೆ ತಾಗದೆ ನಡುವೆ ಹಸಿ ಉಳಿಯುತ್ತದೆ. ಉರಿ ಇಲ್ಲದ್ದರಿಂದ ಬಟ್ಟೆಯಿಂದ ಒತ್ತಿ ಒತ್ತಿಯೇ ಉಬ್ಬಿಸಬೇಕು.

ದಿನದ ಗಡಿಯಾರ

ಮಧ್ಯಾಹ್ನ ಮೂರಕ್ಕೆ ಊರು ಮಲಗುತ್ತದೆ. ಬೇಸಿಗೆಯಲ್ಲಿ 3ರಿಂದ 5.30ರವರೆಗೆ, ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಗದ್ದಲ ಮಾಡಬಾರದೆಂದು ಕಾನೂನೇ ಇದೆ. ಕುಕ್ಕರ್ ಸೀಟಿ, ಮಿಕ್ಸರ್, ಊರಿಗೆ ಸ್ಪೀಕರ್ ಫೋನಿನಲ್ಲಿ ಮಾತು ಎಲ್ಲವೂ ಅದರಲ್ಲಿ ಬಂತು. ಬೇಸಿಗೆಯಲ್ಲಿ ನಾವು ಅವರಿಗಿಂತ ಎರಡೂವರೆ ತಾಸು ಮುಂದೆ, ಹಾಗಾಗಿ ಅಲ್ಲಿ ಸಂಜೆ ಆರಕ್ಕೆ ಕರೆ ಮಾಡಿದರೆ ಕಲಬುರಗಿಯಲ್ಲಿ ಎಂಟೂವರೆ, ಎರಡೂ ಕಡೆ ಸರಿ. ಸಣ್ಣ ಅಂಗಡಿಗಳು ಸೋಮವಾರ, ಬುಧವಾರ, ಶನಿವಾರ ಮಧ್ಯಾಹ್ನವೇ ಮುಚ್ಚುತ್ತವೆ. ಮಂಗಳವಾರ, ಗುರುವಾರ, ಶುಕ್ರವಾರ ಸಂಜೆ ಮತ್ತೆ ತೆರೆಯುತ್ತವೆ. ಪ್ರವಾಸಿ ಅಂಗಡಿಗಳಿಗೆ ಈ ಲೆಕ್ಕ ಇಲ್ಲ.

ಎಟಿಎಂನಲ್ಲಿ 'ರೂಪಾಯಿಗೆ ಬದಲಿಸಿ ತೋರಿಸಲೇ' ಎಂದು ಕೇಳಿದರೆ ಬೇಡ ಎನ್ನಿ. ಆ ದರ ಯಾವಾಗಲೂ ನಷ್ಟದ್ದು.

ಅವರ 'ನೇ' ಎಂದರೆ ಹೌದು. 'ಓಹಿ' ಎಂದರೆ ಇಲ್ಲ. ಗದ್ದ ಮೇಲೆತ್ತಿ ನಾಲಿಗೆಯಲ್ಲಿ 'ಚ್' ಎಂದರೂ ಇಲ್ಲ, ಇದು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಬಸ್ಸಿನ ಬೋರ್ಡಿಗೆ ಮೂರು ಅಕ್ಷರ ಸಾಕು: ಇಂಗ್ಲಿಷ್ ಪಿ ಆಕಾರದ್ದು 'ರ', ಎಕ್ಸ್ ಆಕಾರದ್ದು 'ಹ', ಎಚ್ ಆಕಾರದ್ದು 'ಇ'.

ತಿನ್ನುವುದು

ಸಸ್ಯಾಹಾರಿಗಳಿಗೆ ಗ್ರೀಸ್ ಹೆದರುವಷ್ಟು ಕಷ್ಟವಲ್ಲ. 'ಲದೆರಾ' ಎಂದು ಕೇಳಿ: ಬೆಂಡೆ, ಬದನೆ, ಹುರುಳಿಕಾಯಿಯನ್ನು ಆಲಿವ್ ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿದ ಪಲ್ಯಗಳು. 'ಹೋರ್ತಾ' ಎಂದರೆ ಬೇಯಿಸಿದ ತಪ್ಪಲು, ಮೇಲೆ ನಿಂಬೆ ಹಿಂಡಿ ಎಣ್ಣೆ ಬಿಡುತ್ತಾರೆ. ಬೇಸಿಗೆಯಲ್ಲಿ ಅದು ಹೆಚ್ಚಾಗಿ 'ವ್ಲೀತಾ', ನಮ್ಮ ರಾಜಗಿರಿಯ ಜಾತಿಯದ್ದೇ. 'ಫಾವಾ' ಎಂದರೆ ಹಳದಿ ಬೇಳೆ ಬೇಯಿಸಿ ಅರೆದ ಮುದ್ದೆ, ಮೇಲೆ ಹಸಿ ಉಳ್ಳಾಗಡ್ಡಿ. ಅಂಗಡಿಯಲ್ಲಿ ಆ ಬೇಳೆ ಕೊಂಡು, ನೆನೆಸದೆ ಒಂದಕ್ಕೆ ನಾಲ್ಕು ನೀರಿಟ್ಟು 45 ನಿಮಿಷ ಕುದಿಸಿ, ಬೆಳ್ಳುಳ್ಳಿ-ಖಾರದ ಒಗ್ಗರಣೆ ಕೊಟ್ಟರೆ ಬೇಳೆ ಸಾರಿನ ಕೊರತೆ ತುಂಬುತ್ತದೆ. ಆರಿದರೆ ಗಟ್ಟಿಯಾಗಿ ಚಾಕುವಿನಲ್ಲಿ ಕೊಯ್ಯುವಂತಾಗುತ್ತದೆ, ನೀರು ಧಾರಾಳವಾಗಿಡಿ.

ಎಚ್ಚರ ಬೇಕಾದ್ದು 'ನಿಸ್ತೀಸಿಮೊ' ಎಂಬ ಮಾತಿನಲ್ಲಿ. ಅದು ಉಪವಾಸದ ಅಡುಗೆ, ಮಾಂಸ-ಹಾಲು-ಮೊಟ್ಟೆ ಇರುವುದಿಲ್ಲ. ಆದರೆ ಅವರ ಉಪವಾಸಕ್ಕೆ ಸಿಗಡಿ, ಸ್ಕ್ವಿಡ್‌ನಂಥ ಕಡಲ ಜೀವಿಗಳು ನಡೆಯುತ್ತವೆ! ಅಕ್ಕಿ ತುಂಬಿದ ಟೊಮೆಟೊ 'ಗೆಮಿಸ್ತಾ'ದಲ್ಲಿ ಕೆಲವರು ಖೀಮಾ ಸೇರಿಸುತ್ತಾರೆ. 'ಹೋರಿಸ್ ಕ್ರೇಯಾಸ್', ಮಾಂಸ ಇಲ್ಲದೆ, ಎಂದು ಕೇಳಿಯೇ ತಿನ್ನಿ. ನಾಕ್ಸೊಸ್‌ನ ಹೆಸರಾಂತ ಗ್ರಾವಿಯೇರಾ ಚೀಸ್‌ಗೆ ಹಾಲು ಒಡೆಯಲು ಪ್ರಾಣಿಮೂಲದ ರೆನೆಟ್ ಬಳಸುವುದು ರೂಢಿ, ಕಟ್ಟುನಿಟ್ಟಿನವರು ಬಿಡಬೇಕಾದೀತು. ಆಲೂಗಡ್ಡೆಗೆ ಮಾತ್ರ ಹಿಂಜರಿಯಬೇಡಿ, ಈ ದ್ವೀಪದ ಆಲೂಗಡ್ಡೆ ಗ್ರೀಸ್‌ಗೆಲ್ಲ ಗೊತ್ತು. ಕೊತ್ತಂಬರಿಯಂತೆ ಕಾಣುವ ಕಟ್ಟು 'ಮೈದನೊಸ್', ಅಂದರೆ ಪಾರ್ಸ್ಲಿ. ಮೂಗಿಗೆ ಹಿಡಿದು ನೋಡಿ ಕೊಳ್ಳಿ.

ನಡಿಗೆ

ಹಳ್ಳಿಯಿಂದ ಹಳ್ಳಿಗೆ ಕತ್ತೆಗಳು ತಿರುಗುತ್ತಿದ್ದ ಕಲ್ಲುಹಾಸಿನ ದಾರಿಗಳಿವೆ, ಹೆಸರು 'ಕಲ್ದೆರೀಮಿ'. ಅಮೃತಶಿಲೆಯ ದ್ವೀಪ ಇದು, ಶತಮಾನಗಳ ಕಾಲು ತಿಕ್ಕಿ ಆ ಕಲ್ಲು ನೀರು ಬಿದ್ದ ಶಹಾಬಾದ್ ಫರ್ಸಿಯ ಹಾಗೆ ಜಾರುತ್ತದೆ. ಚಪ್ಪಲಿ ಬೇಡ, ಹಲ್ಲು ಸವೆಯದ ರಬ್ಬರ್ ಅಟ್ಟೆಯ ಬೂಟು ಬೇಕು. ಉದ್ದ ಪ್ಯಾಂಟೂ ಬೇಕು. ಮೊಣಕಾಲೆತ್ತರದ ಮುಳ್ಳು ಪೊದೆ ಎಲ್ಲೆಡೆ, ವಿಷದ ಹಾವೂ ಉಂಟು, ಕಲ್ಲುಗೋಡೆಯ ಸಂದಿಗೆ ಕೈ ಹಾಕಬೇಡಿ. ತಲೆಗೆ ಟೋಪಿಗಿಂತ ಟವಲ್ ಬಿಗಿಯಾಗಿ ಸುತ್ತುವ ನಮ್ಮ ರೂಢಿ ಆ ಗಾಳಿಗೆ ಹೇಳಿ ಮಾಡಿಸಿದ್ದು. ನೀರನ್ನು ಬಾಯಾರಿಕೆಗೆ ಕಾಯದೆ ಗಡಿಯಾರ ನೋಡಿ ಕುಡಿಯಿರಿ: 20 ನಿಮಿಷಕ್ಕೆ ನಾಲ್ಕು ಗುಟುಕು. ಅರ್ಧ ದಿನಕ್ಕೆ ತಲೆಗೆ 2 ಲೀಟರ್, ಜೂನ್ ನಂತರ 3.

ಸಮತಟ್ಟಿನಲ್ಲಿ ತಾಸಿಗೆ 5 ಕಿ.ಮೀ. ನಡೆಯುವವರು ಇಲ್ಲಿ 3 ಕಿ.ಮೀ. ಎಂದು ಹಿಡಿಯಬೇಕು. ಕುರಿ ದಾಟದಂತೆ ತಂತಿ ಸುತ್ತಿದ ಗೇಟು ಅಡ್ಡ ಬಂದರೆ ದಾರಿ ಮುಗಿಯಿತು ಎಂದಲ್ಲ, ಬಿಚ್ಚಿ ದಾಟಿ ಹಾಗೆಯೇ ಸುತ್ತಿ.

ಮೊದಲ ವಾರ ಕಾಲು ಪಳಗಿಸಲು ಪೋರ್ತಾರಾ ಸಾಕು. ಹೋರಾ ಬಂದರಿನಿಂದ ಹತ್ತು-ಹದಿನೈದು ನಿಮಿಷ. ಕ್ರಿ.ಪೂ. 6ನೇ ಶತಮಾನದಲ್ಲಿ ಶುರುವಾಗಿ ಮುಗಿಯದೇ ಉಳಿದ ಗುಡಿಯ ಅಮೃತಶಿಲೆ ಬಾಗಿಲು, ಸುಮಾರು 6 ಮೀಟರ್ ಎತ್ತರ. ಗಾಳಿಯ ದಿನ ಅಲ್ಲಿಗೆ ಹೋಗುವ ಸೇತುದಾರಿಯ ಮೇಲೆ ಅಲೆ ಹಾರುತ್ತದೆ, ಮೊಬೈಲ್ ಒಳಗಿಡಿ.

ಎರಡನೇ ವಾರ ಹಲ್ಕಿ ಹಳ್ಳಿ. ಬಸ್ಸಿನಲ್ಲಿ ಇಳಿದು ಆಲಿವ್ ತೋಪಿನ ನಡುವೆ ಸೇಂಟ್ ಜಾರ್ಜ್ ದಿಯಸೊರೀತಿಸ್ ಗುಡಿಗೆ, ಅಲ್ಲಿನ ಗೋಡೆ ಚಿತ್ರಗಳು 11ನೇ ಶತಮಾನದವು. ಅಲ್ಲಿಂದ ಏರುತ್ತ ಮೊನಿ ಹಳ್ಳಿಯ ಕೆಳಗಿರುವ ಪನಾಗಿಯಾ ದ್ರೊಸಿಯಾನಿ ಗುಡಿ, ಇದು ಇನ್ನೂ ಹಳೆಯದು. ನಿಂತು ನೋಡುತ್ತ ತಿರುಗಿ ಹಲ್ಕಿಗೆ ಬರಲು ಮೂರು-ನಾಲ್ಕು ತಾಸು. ಗುಡಿಗಳು ಬೆಳಗಿನ ಹೊತ್ತೇ ತೆರೆದಿರುವ ಸಾಧ್ಯತೆ ಹೆಚ್ಚು. ಭುಜ, ಮೊಣಕಾಲು ಮುಚ್ಚಿರಲಿ, ಒಂದು ಮೇಣದಬತ್ತಿಯ ಚಿಲ್ಲರೆ ಇರಲಿ.

ಝಾಸ್ ಬೆಟ್ಟ ಸುಮಾರು 1,000 ಮೀಟರ್, ನಾಕ್ಸೊಸ್ ಸೇರಿರುವ ಸಿಕ್ಲಾಡಿಸ್ ದ್ವೀಪಗಳಲ್ಲೇ ಎತ್ತರ. ಎರಡು ದಾರಿ. ಫಿಲೋತಿ ಹಳ್ಳಿಯ ಮೇಲಿನ ಅರಿಯಾ ಬುಗ್ಗೆಯಿಂದ ಗವಿಯ ಪಕ್ಕ ಹತ್ತುವುದು ಕಡಿದು, ಜಾರುವ ಜಲ್ಲಿ. ಅಘಿಯಾ ಮರೀನಾ ಗುಡಿಯ ಕಡೆಯದ್ದು ಸಲೀಸು. ಗವಿ ಕಡೆ ಹತ್ತಿ ಮರೀನಾ ಕಡೆ ಇಳಿಯಿರಿ. ತಿರುಗಾಮುರುಗಾ ಮಾಡಿದರೆ ಜಲ್ಲಿಯ ಮೇಲೆ ಇಳಿಯುವಾಗ ಮೊಣಕಾಲು ಹೋಗುತ್ತದೆ. ಮರೀನಾ ದಾರಿಯಲ್ಲಿ ಬಂಡೆಯ ಮೇಲೆ 'ಝೀಯಸ್‌ನ ಬೆಟ್ಟ' ಎಂದು ಪ್ರಾಚೀನ ಗ್ರೀಕ್‌ನಲ್ಲಿ ಕೊರೆದದ್ದಿದೆ. ಫಿಲೋತಿಯಿಂದ ಫಿಲೋತಿಗೆ ಐದು ತಾಸು ಇಟ್ಟುಕೊಳ್ಳಿ. ಕೆಳಗೆ ಎಲೆ ಅಲ್ಲಾಡುವ ಗಾಳಿ ಇದ್ದರೂ ಶಿಖರದಲ್ಲಿ ನಿಲ್ಲಲಾಗದು, ಅಂಥ ದಿನ ಹಲ್ಕಿಯ ತೋಪಿಗೇ ಹೋಗಿ.

ಎಲ್ಲ ನಡಿಗೆಯ ಕೊನೆ ಬಸ್ಸು. ಟಿಕೆಟ್ಟನ್ನು ಹತ್ತುವ ಮೊದಲೇ ಬಂದರಿನ ಬಸ್ ಕಚೇರಿಯಲ್ಲಿ ಹೋಗಲೂ ಬರಲೂ ಸೇರಿಸಿ ಕೊಳ್ಳಿ. ವೇಳಾಪಟ್ಟಿ ಋತುವಿಗೊಮ್ಮೆ ಬದಲಾಗುತ್ತದೆ, ಭಾನುವಾರ ಬಸ್ಸು ಕಡಿಮೆ, ಏಪ್ರಿಲ್‌ನಲ್ಲಿ ಕೊನೆಯದು ಮಧ್ಯಾಹ್ನವೇ ಹೋಗಿಬಿಡಬಹುದು. ತುರ್ತಿಗೆ ಯಾವ ಫೋನಿನಿಂದಲೂ 112.

ಮರಳುವಾಗ ವಿಮಾನದ ದಿನವೇ ಹಡಗು ಇಟ್ಟುಕೊಳ್ಳಬೇಡಿ. ಗಾಳಿ ಏರಿದಂತೆ ಮೊದಲು ಹೈಸ್ಪೀಡ್ ಬೋಟು ನಿಲ್ಲುತ್ತದೆ, ಇನ್ನೂ ಏರಿದರೆ ದೊಡ್ಡ ಹಡಗನ್ನೂ ಬಂದರು ಅಧಿಕಾರಿ ತಡೆಯುತ್ತಾರೆ. ಹಡಗಿನ ದುಡ್ಡು ವಾಪಸ್ ಬರುತ್ತದೆ, ವಿಮಾನದ್ದು ಬರುವುದಿಲ್ಲ. ನಾಕ್ಸೊಸ್‌ನಿಂದ ಅಥೆನ್ಸ್‌ನ ಬಂದರು ಪಿರೇಯಸ್‌ಗೆ ದೊಡ್ಡ ಹಡಗಿನಲ್ಲಿ ಐದೂವರೆ ತಾಸು, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಎಕ್ಸ್96 ಬಸ್ಸಿನಲ್ಲಿ ಒಂದೂವರೆ ತಾಸು. ಮೇ ತಿಂಗಳಾದರೆ ಅಥೆನ್ಸ್‌ನಲ್ಲಿ ಒಂದು ರಾತ್ರಿ ಉಳಿಯುವಂತೆ ಹೊರಡಿ, ಜುಲೈ-ಆಗಸ್ಟ್ ಆದರೆ ಎರಡು ರಾತ್ರಿ.