ಸೇವಂತಿಗೆ ಹೊಲಕ್ಕೆ ರಾತ್ರಿ ಬಲ್ಬು ಹಾಕಿ ನಾನು ಕಲಿತದ್ದು

ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ನೋಡಿರುತ್ತೀರಿ, ಕೆಲವು ಹೊಲಗಳ ತುಂಬ ಸಾಲಾಗಿ ಬಲ್ಬು ಉರಿಯುತ್ತಿರುತ್ತವೆ. ಹುಳ ಹಿಡಿಯುವುದಕ್ಕೆ ಹಾಕಿದ್ದಾರೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ಸೇವಂತಿಗೆ ಗಿಡ ಅವಸರಕ್ಕೆ ಬಿದ್ದು ಮೊಗ್ಗು ಬಿಡದ ಹಾಗೆ ತಡೆಯುವುದಕ್ಕೆ ಹಾಕುವ ಬೆಳಕು ಅದು.

ಮೊದಲ ವರ್ಷ ನನಗೂ ಇದು ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಹೂವಿಗೆ ಒಳ್ಳೆ ರೇಟು ಸಿಗುತ್ತದೆ ಅಂತ ಅಕ್ಟೋಬರ್‌ನಲ್ಲಿ ಹತ್ತು ಗುಂಟೆಗೆ ಸಸಿ ನಾಟಿ ಮಾಡಿದೆ. ಗಿಡ ಒಂದು ಗೇಣು ಬೆಳೆಯಿತು ಅಷ್ಟೇ, ತುದಿಯಲ್ಲಿ ಮೊಗ್ಗು ಬಂತು, ಅಲ್ಲಿಗೆ ಬೆಳವಣಿಗೆ ನಿಂತಿತು. ಗೊಬ್ಬರ ಸಾಲದೇನೋ ಅಂತ ಯೂರಿಯಾ ಜಾಸ್ತಿ ಕೊಟ್ಟೆ. ಎಲೆ ಹಸಿರಾಯಿತೇ ಹೊರತು ಗಿಡ ಎತ್ತರ ಆಗಲಿಲ್ಲ. ಪಕ್ಕದ ಹೊಲದ ಅಣ್ಣ ಬಂದು ನೋಡಿ, "ರಾತ್ರಿ ಉದ್ದ ಆಯ್ತಲ್ಲಪ್ಪ, ಲೈಟ್ ಹಾಕದೆ ಹೆಂಗೆ ಬೆಳೆಯುತ್ತೆ?" ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಸೇವಂತಿಗೆ ಹಗಲನ್ನಲ್ಲ, ಕತ್ತಲೆಯನ್ನು ಅಳೆಯುತ್ತದೆ. ಎಲೆಯಲ್ಲಿ ಫೈಟೋಕ್ರೋಮ್ ಅನ್ನುವ ಒಂದು ಪ್ರೋಟೀನ್ ಇದೆ. ಬೆಳಕಿನ ಕೆಂಪು ಭಾಗ ಬಿದ್ದರೆ ಅದು ಒಂದು ರೂಪಕ್ಕೆ ಬರುತ್ತದೆ, ಕತ್ತಲಲ್ಲಿ ನಿಧಾನವಾಗಿ ಹಳೆ ರೂಪಕ್ಕೆ ಮರಳುತ್ತದೆ. ಕತ್ತಲು ಎಡೆಬಿಡದೆ ಉದ್ದಕ್ಕೆ ಸಿಕ್ಕಿದರೆ ಗಿಡ ಹೂವಿಗೆ ತಯಾರಾಗುತ್ತದೆ. ನಡುರಾತ್ರಿ ಬೆಳಕು ಬಿದ್ದರೆ ಒಂದು ಉದ್ದದ ರಾತ್ರಿ ಎರಡು ಚಿಕ್ಕ ತುಂಡಾಗುತ್ತದೆ, ಗಿಡ ಮೊಗ್ಗಿನ ಸುದ್ದಿಗೇ ಹೋಗದೆ ಎಲೆ, ಕವಲು ಅಂತ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಎರಡನೇ ವರ್ಷ ಎಲ್‌ಇಡಿ ಬಲ್ಬು ಕಟ್ಟಿ, ಟೈಮರ್ ಇಟ್ಟು, ರಾತ್ರಿ 10ರಿಂದ 2ರವರೆಗೆ ಉರಿಸಿದೆ. ರಾತ್ರಿಯಿಡೀ ಉರಿಸಬೇಕಿಲ್ಲ, ಕರೆಂಟ್ ದಂಡ.

ನನಗೆ ಇದರಲ್ಲಿ ಬಹಳ ಇಷ್ಟವಾದ ವಿಷಯ ಇನ್ನೊಂದಿದೆ. ಕತ್ತಲು ಅಳೆಯುವುದು ಎಲೆ, ಆದರೆ ಮೊಗ್ಗು ಬರುವುದು ಕುಡಿಯಲ್ಲಿ. ಹಾಗಾದರೆ ಸುದ್ದಿ ಅಲ್ಲಿಗೆ ಹೋಗುವುದು ಹೇಗೆ? 1930ರ ದಶಕದಲ್ಲಿ ರಷ್ಯಾದಲ್ಲಿ ಮಿಖಾಯಿಲ್ ಚೈಲಖ್ಯಾನ್ ಅನ್ನುವವರು ಇದನ್ನು ಪರೀಕ್ಷೆ ಮಾಡಿದ್ದು ಬೇರೆ ಯಾವುದರ ಮೇಲೂ ಅಲ್ಲ, ನಮ್ಮ ಇದೇ ಸೇವಂತಿಗೆ ಮೇಲೆ! ಗಿಡದ ಮೇಲ್ಭಾಗದ ಎಲೆ ತೆಗೆದು, ಕೆಳಗಿನ ಎಲೆಗಳಿಗೆ ಮಾತ್ರ ಉದ್ದದ ಕತ್ತಲು ಕೊಟ್ಟರು, ತುದಿಗೆ ಕೊಡಲಿಲ್ಲ. ಆದರೂ ತುದಿಯಲ್ಲಿ ಹೂವು ಬಂತು. ಉಲ್ಟಾ ಮಾಡಿದಾಗ ಬರಲಿಲ್ಲ. ಎಲೆಯಿಂದ ಏನೋ ಒಂದು ಮೇಲೆ ಹರಿದು ಹೋಗುತ್ತಿದೆ ಅಂತ ಅದಕ್ಕೆ ಫ್ಲೋರಿಜೆನ್ ಅಂತ ಹೆಸರಿಟ್ಟರು. ಅದು ಎಫ್‌ಟಿ ಅನ್ನುವ ಪ್ರೋಟೀನ್ ಅಂತ ಬೇರೆ ಗಿಡಗಳಲ್ಲಿ ತೋರಿಸಿಕೊಡುವಷ್ಟರಲ್ಲಿ 2007 ಆಗಿತ್ತು. ಇದು ಗೊತ್ತಾದ ಮೇಲೆ ನಾನು ಎಲೆಯನ್ನು ಹಾಳಾಗಲು ಬಿಡುವುದಿಲ್ಲ, ರೋಗ ಬಂದು ಕೆಳಗಿನ ಎಲೆ ಉದುರಲು ಶುರುವಾದರೆ ತಕ್ಷಣ ನೋಡುತ್ತೇನೆ.

ಕುಡಿ ಚಿವುಟುವುದನ್ನು ನಮ್ಮ ಅಮ್ಮ ಮೊದಲಿಂದ ಮಾಡುತ್ತಿದ್ದರು, ಕಾರಣ ಕೇಳಿದರೆ "ಚಿವುಟಿದರೆ ತಾನೇ ಕವಲೊಡೆಯೋದು" ಅನ್ನುತ್ತಿದ್ದರು. ಕುಡಿಯಲ್ಲಿ ಆಕ್ಸಿನ್ ಅನ್ನುವ ಹಾರ್ಮೋನ್ ತಯಾರಾಗಿ ಕೆಳಕ್ಕೆ ಇಳಿಯುತ್ತಿರುತ್ತದೆ. ಅದು ಇಳಿಯುತ್ತಿರುವಷ್ಟು ದಿನ ಪಕ್ಕದ ಕಣ್ಣುಗಳು ಏಳುವುದಿಲ್ಲ. ತುದಿ ತೆಗೆದರೆ ಆ ತಡೆ ಹೋಗುತ್ತದೆ. ನಾಟಿ ಮಾಡಿ ಸುಮಾರು ನಾಲ್ಕು ವಾರಕ್ಕೆ ಒಂದು ಸಲ ಚಿವುಟುತ್ತೇನೆ, ಉಗುರಲ್ಲಿ ಎಳೆ ತುದಿ ಮಾತ್ರ. ತಡ ಮಾಡಿ ಬಲಿತ ಭಾಗ ಕತ್ತರಿಸಿದರೆ ಕವಲು ಕಡಿಮೆ.

ಅದೇ ಆಕ್ಸಿನ್ ಸಸಿ ಮಾಡುವಾಗ ಬೇರಿಗೂ ಬೇಕು. ತಾಯಿಗಿಡದ ಎಳೆ ಕುಡಿ ಬೆರಳುದ್ದ ಮುರಿದು, ಬುಡವನ್ನು ಐಬಿಎ ಅನ್ನುವ, ಆಕ್ಸಿನ್ ಜಾತಿಯ ಬೇರು ಬರಿಸುವ ಪುಡಿಗೆ ಮುಟ್ಟಿಸಿ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗೆ ಚುಚ್ಚುತ್ತೇನೆ. ಎರಡು ಮೂರು ವಾರಕ್ಕೆ ಬೇರು. ತಾಯಿಗಿಡಕ್ಕೂ ರಾತ್ರಿ ಬೆಳಕು ಬೇಕು ಅನ್ನುವುದನ್ನು ಮರೆಯಬೇಡಿ, ಮೊಗ್ಗು ಹಿಡಿದ ಕುಡಿಯಿಂದ ಒಳ್ಳೆ ಸಸಿ ಆಗುವುದಿಲ್ಲ.

ಒಂದು ಸಲ ರಾತ್ರಿ ಗಾಳಿ ಮಳೆಗೆ ಅರ್ಧ ಹೊಲ ಮಲಗಿತು. ಮಾರನೇ ದಿನ ಕೂಲಿಯವರು ಸಿಗಲಿಲ್ಲ, ಕಟ್ಟಲಾಗಲಿಲ್ಲ. ಅಷ್ಟರಲ್ಲಿ ಮಲಗಿದ ಕಾಂಡಗಳ ತುದಿ ತಾವಾಗಿ ಮೇಲಕ್ಕೆ ತಿರುಗಿದ್ದವು. ಮಲಗಿದ ಕಾಂಡದ ಕೆಳಮಗ್ಗುಲಿಗೆ ಆಕ್ಸಿನ್ ಜಾಸ್ತಿ ಸೇರುತ್ತದೆ, ಆ ಮಗ್ಗುಲು ಬೇಗ ಬೆಳೆದು ತುದಿಯನ್ನು ಎತ್ತುತ್ತದೆ. ಆಮೇಲೆ ನೆಟ್ಟಗೆ ಕಟ್ಟಿದರೂ ಕಾಂಡದ ಸೊಟ್ಟ ಹೋಗಲಿಲ್ಲ. ಮಾರು ಕಟ್ಟುವ ಬಿಡಿಹೂವಿಗೆ ಇದರಿಂದ ನಷ್ಟವಿಲ್ಲ, ಕಡ್ಡಿ ಸಮೇತ ಮಾರುವವರಾದರೆ ಅದೇ ದಿನ ಎತ್ತಿ ಕಟ್ಟಲೇಬೇಕು.

ಗಿಡ ಮೊಣಕಾಲೆತ್ತರ ಬಂದು ಕವಲು ತುಂಬಿದಾಗ ಬಲ್ಬು ಆರಿಸುತ್ತೇನೆ. ನಮ್ಮ ತಳಿಯಲ್ಲಿ ಅಲ್ಲಿಂದ ಒಂಬತ್ತು ಹತ್ತು ವಾರಕ್ಕೆ ಕೊಯ್ಲು ಶುರು. ಒಂದು ವರ್ಷ ಎಲ್ಲ ಸಾಲೂ ಹೂ ಬಿಟ್ಟು ಹಳದಿ ಆದರೂ ರಸ್ತೆ ಪಕ್ಕದ ಮೂಲೆಯ ಮೂರು ಸಾಲು ಮಾತ್ರ ಹಸಿರಾಗಿಯೇ ನಿಂತಿದ್ದವು. ರೋಗ ಅಂತ ಹೆದರಿದೆ. ಒಂದು ರಾತ್ರಿ ನೀರು ಬಿಡಲು ಹೋದಾಗ ಗೊತ್ತಾಯಿತು, ಬೀದಿ ಕಂಬದ ದೀಪ ನೇರ ಆ ಸಾಲುಗಳ ಮೇಲೆ ಬೀಳುತ್ತಿತ್ತು. ಈಗ ಆ ಮೂಲೆಗೆ ಟೊಮೆಟೊ ಹಾಕುತ್ತೇನೆ. ಅದು ಹೂವು ಬಿಡುವುದಕ್ಕೆ ರಾತ್ರಿಯ ಉದ್ದ ನೋಡುವುದಿಲ್ಲ.