ಬೇಕರಿ ಜೆಲಟಿನ್, ಕ್ಷೌರದಂಗಡಿಯ ಪಟಿಕ, 5 ರೂಪಾಯಿ ನಾಣ್ಯ

ಹೊಲೊಗ್ರಾಂ ಅಂದರೆ ಲೇಸರ್ ಬೆಳಕಿನಿಂದ ತೆಗೆದ, ಆಳವೂ ಕಾಣುವ ಚಿತ್ರ. ನನ್ನ ಮೊದಲ ಹೊಲೊಗ್ರಾಂ ಗಾಜಿಗೆ ಮಜ್ಜಿಗೆ ಸವರಿದ ಹಾಗಿತ್ತು. ಎರಡನೆಯದರಲ್ಲಿ ಗಾಜು ಮಾತ್ರ ಉಳಿಯಿತು, ಜೆಲಟಿನ್ ಪೂರ್ತಿ ನೀರಿಗೆ ಇಳಿದು ಹೋಗಿತ್ತು. ಮೂರನೆಯದು ಕಿಟಕಿ ಗಾಜಿನಷ್ಟು ತಿಳಿ, ಆದರೆ ಒಳಗೆ ಚಿತ್ರವೇ ಇಲ್ಲ. ಲೇಸರ್ ಅದೇ, ನಾಣ್ಯ ಅದೇ, ಬೆಳಕು ಬಿಟ್ಟ ಸಮಯವೂ ಅದೇ. ಬೇರೆಯಾಗಿದ್ದದ್ದು ಜೆಲಟಿನ್ ಎಷ್ಟು ಗಟ್ಟಿ ಅನ್ನೋದು ಒಂದೇ. ಇಷ್ಟು ತಿಳಿಯಲು ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು.

ನಾನು ಮಾಡುತ್ತಿದ್ದದ್ದು ಡಿಸಿಜಿ, ಅಂದರೆ ಡೈಕ್ರೋಮೇಟ್ ಬೆರೆಸಿದ ಜೆಲಟಿನ್. 1968ರಲ್ಲಿ ಬೆಲ್ ಲ್ಯಾಬ್ಸ್‌ನ ಟಿ. ಎ. ಶಾಂಕಾಫ್ ಇದರಲ್ಲಿ ಹೊಲೊಗ್ರಾಂ ಮಾಡಿ ತೋರಿಸಿದ್ದರು. ನೀಲಿ ಬೆಳಕು ಬಿದ್ದ ಕಡೆ ಡೈಕ್ರೋಮೇಟ್‌ನ ಕ್ರೋಮಿಯಂ ರೂಪ ಬದಲಿಸಿ ಜೆಲಟಿನ್‌ನ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಬೆಳಕು ಬೀಳದ ಕಡೆ ಎಳೆಗಳು ಸಡಿಲವಾಗಿಯೇ ಇರುತ್ತವೆ. ಚರ್ಮ ಹದ ಮಾಡುವವರು ಕ್ರೋಮ್ ಉಪ್ಪಿನಿಂದ ಮಾಡುವುದೂ ಇದನ್ನೇ. ಜೆಲಟಿನ್ ಅಂದರೆ ಮೂಳೆ, ಚರ್ಮದ ಕೊಲಾಜೆನ್ ತಾನೇ. ಹಾಗಾಗಿ ನನ್ನ ಕೆಲಸವನ್ನೂ ನಾನು ‘ಹದ ಮಾಡೋದು’ ಅಂತಲೇ ಕರೆಯುತ್ತೇನೆ.

ಒಂದು ಲೆಕ್ಕ ಹೇಳಿಬಿಡುತ್ತೇನೆ. ಲೇಸರಿನಿಂದ ನೇರ ಬರುವ ಬೆಳಕು ಮತ್ತು ನಾಣ್ಯಕ್ಕೆ ತಾಗಿ ಮರಳುವ ಬೆಳಕು ಸೇರಿದಾಗ ಜೆಲಟಿನ್ ಒಳಗೆ ಗಟ್ಟಿ–ಮೆದು ಪದರಗಳಾಗುತ್ತವೆ. 473 ನ್ಯಾನೋಮೀಟರ್ ನೀಲಿ ಲೇಸರ್‌ನಲ್ಲಿ ಈ ಪದರಗಳು ಸುಮಾರು 155 ನ್ಯಾನೋಮೀಟರಿಗೆ ಒಂದರಂತೆ ಬರುತ್ತವೆ. ನನ್ನ ಜೆಲಟಿನ್ 9 ಮೈಕ್ರಾನ್, ಅಂದರೆ 9000 ನ್ಯಾನೋಮೀಟರ್ ದಪ್ಪ. ಅಷ್ಟರೊಳಗೆ ಹತ್ತಿರ ಹತ್ತಿರ 60 ಪದರ. ಇವುಗಳ ನಡುವಿನ ವ್ಯತ್ಯಾಸವೇ ಚಿತ್ರ. ಜೆಲಟಿನ್ ಮೊದಲೇ ಜಾಸ್ತಿ ಗಟ್ಟಿಯಾಗಿದ್ದರೆ ಬೆಳಕಿಗೆ ಮಾಡಲು ಏನೂ ಉಳಿಯುವುದಿಲ್ಲ. ತೀರಾ ಮೆದುವಾಗಿದ್ದರೆ ತೊಳೆದ ಮೇಲೆ ಒಣಗಿಸಲು ಅದ್ದುವ ಆಲ್ಕೋಹಾಲ್ ನೀರನ್ನು ಎಳೆದುಕೊಳ್ಳುವಾಗ ಒಳಗೆ ದೊಡ್ಡ ದೊಡ್ಡ ತೂತುಗಳಾಗಿ ಬೆಳಕು ಚೆದುರುತ್ತದೆ. ಆ ಮಜ್ಜಿಗೆ ಬಣ್ಣ ಅಲ್ಲಿಂದ ಬಂದದ್ದು.

ಮೊದಲು ತಂದದ್ದು ಕೇಕ್ ಸಾಮಾನಿನ ಅಂಗಡಿಯ ಜೆಲಟಿನ್. ಪೊಟ್ಟಣದ ಮೇಲೆ ಬ್ಲೂಮ್ ಸಂಖ್ಯೆ ಇರಲಿಲ್ಲ. ಜೆಲಟಿನ್ ಎಷ್ಟು ಬಿಗಿಯಾಗಿ ಹೆಪ್ಪುಗಟ್ಟುತ್ತದೆ ಅನ್ನುವುದಕ್ಕೆ ಬ್ಲೂಮ್ ಅಳತೆ. 6.67 ಶೇಕಡಾ ದ್ರಾವಣವನ್ನು 10 ಡಿಗ್ರಿಯಲ್ಲಿ 16ರಿಂದ 18 ಗಂಟೆ ಇಡಬೇಕು. ಆಮೇಲೆ ಅರ್ಧ ಇಂಚು ಅಗಲದ ಕಡ್ಡಿ ಅದರೊಳಗೆ 4 ಮಿಲಿಮೀಟರ್ ಇಳಿಯಲು ಎಷ್ಟು ಗ್ರಾಂ ಭಾರ ಬೇಕೋ ಅದೇ ಬ್ಲೂಮ್. ಇಷ್ಟನ್ನು ಮನೆಯಲ್ಲೇ ನೋಡಬಹುದಲ್ವಾ ಅನ್ನಿಸಿತು. ಒಂದು ಸ್ಟೀಲ್ ಲೋಟದಲ್ಲಿ ಬೇಕರಿಯದ್ದು, ಇನ್ನೊಂದರಲ್ಲಿ ರಾಸಾಯನಿಕ ಮಾರುವವರಿಂದ ತಂದ 250 ಬ್ಲೂಮ್. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ. ಬೆಳಗ್ಗೆ ಅರ್ಧ ಇಂಚಿನ ಪ್ಲಾಸ್ಟಿಕ್ ಕಡ್ಡಿಗೆ 4 ಮಿಲಿಮೀಟರಿಗೆ ಗೆರೆ ಹಾಕಿ, ತುದಿಗೆ ಬಾಟಲಿ ಮುಚ್ಚಳ ಅಂಟಿಸಿ, ಅದರ ಮೇಲೆ ತೂಕದ ಬಟ್ಟು ಪೇರಿಸುತ್ತಾ ಹೋದೆ. ಬೇಕರಿಯದ್ದು 130 ಗ್ರಾಂಗೆ ಇಳಿಯಿತು. ಇನ್ನೊಂದು 240 ದಾಟುವ ತನಕ ಜಪ್ಪಯ್ಯ ಅನ್ನಲಿಲ್ಲ. ಫ್ರಿಜ್ಜು ಸರಿಯಾಗಿ 10 ಡಿಗ್ರಿ ಇರಲಿಲ್ಲ, ಆದ್ದರಿಂದ ಅಂಕಿಯನ್ನು ಯಾರೂ ಗಂಭೀರವಾಗಿ ತಗೋಬೇಡಿ. ವ್ಯತ್ಯಾಸ ಮಾತ್ರ ಸುಳ್ಳಲ್ಲ.

ಅಷ್ಟರಲ್ಲಿ ಅಮ್ಮ ಅಡುಗೆಮನೆಗೆ ಬಂದರು. “ಏನೋ ಇದು, ಕಾಫಿ ಲೋಟದಲ್ಲಿ?” ಮೂಳೆಯ ಅಂಟು ಅಂತ ಬಾಯಿ ತಪ್ಪಿ ಹೇಳಿದೆ. ಆ ಎರಡು ಲೋಟ ಅವತ್ತಿನಿಂದ ನನ್ನ ಸ್ವಂತ ಆಸ್ತಿ. ಹಾಗೆ ನೋಡಿದರೆ ಅಮ್ಮ ಮಾಡಿದ್ದೇ ಸರಿ. ಈ ಕೆಲಸಕ್ಕೆ ಬಳಸಿದ ಯಾವ ಪಾತ್ರೆಯೂ ಮತ್ತೆ ಒಲೆಯ ಹತ್ತಿರ ಹೋಗಬಾರದು.

ಯಾಕೆಂದರೆ ಮುಂದಿನ ಪದಾರ್ಥ ಅಮೋನಿಯಂ ಡೈಕ್ರೋಮೇಟ್. ಕಾಲೇಜಿನಲ್ಲಿ ಜ್ವಾಲಾಮುಖಿ ಅಂತ ಹೊತ್ತಿಸಿ ತೋರಿಸುತ್ತಿದ್ದ ಕಿತ್ತಳೆ ಪುಡಿ ಇದೇ. ಸ್ಕ್ರೀನ್ ಪ್ರಿಂಟಿಂಗ್‌ನವರು ಬೈಕ್ರೋಮೇಟ್ ಅನ್ನುತ್ತಾರೆ. ನನಗೆ ಮೊದಲು ಸಿಕ್ಕಿದ್ದೂ ಬೆಂಗಳೂರಿನ ಸುಲ್ತಾನ್‌ಪೇಟೆ ಕಡೆಯ ಅಂಥ ಸಾಮಾನಿನ ಅಂಗಡಿಯಲ್ಲಿ. ಪೊಟ್ಯಾಸಿಯಂ ಡೈಕ್ರೋಮೇಟೂ ಆಗುತ್ತದೆ, ಆದರೆ ಅದು ನೀರಿನಲ್ಲಿ ಕಡಿಮೆ ಕರಗುತ್ತದೆ. ಜೆಲಟಿನ್ ಒಣಗುವಾಗ ಹರಳು ಕಟ್ಟಿ ಪ್ಲೇಟಿನ, ಅಂದರೆ ಜೆಲಟಿನ್ ಬಳಿದ ಗಾಜಿನ, ಮೇಲೆ ಜರೀಗಿಡದ ಹಾಗೆ ಹರಡಿಕೊಂಡಿತು. ನೋಡಲು ಚೆಂದ, ಉಪಯೋಗ ಇಲ್ಲ. ಎರಡೂ ಕ್ಯಾನ್ಸರ್ ತರುವ ಜಾತಿಯವು, ಚರ್ಮಕ್ಕೂ ಕೆಟ್ಟವು. ನೈಟ್ರೈಲ್ ಗ್ಲೌಸ್ ಇಲ್ಲದೆ ನಾನು ಡಬ್ಬ ಮುಟ್ಟುವುದಿಲ್ಲ. ಪುಡಿ ಗಾಳಿಗೆ ಹಾರದ ಹಾಗೆ ತೂಗಿ ತಕ್ಷಣ ನೀರಿಗೆ ಹಾಕುತ್ತೇನೆ. ಉಳಿದ ದ್ರಾವಣವನ್ನು ಮೋರಿಗೆ ಚೆಲ್ಲುವಂತಿಲ್ಲ. ವಿಟಮಿನ್ ಸಿ ಪುಡಿ ಹಾಕಿದರೆ ಕಿತ್ತಳೆ ಹೋಗಿ ಹಸಿರಾಗುತ್ತದೆ. ಆಮೇಲೆ ವಾಷಿಂಗ್ ಸೋಡಾ ಹಾಕಿದರೆ ಕ್ರೋಮಿಯಂ ಗಷ್ಟಾಗಿ ತಳಕ್ಕೆ ಕೂರುತ್ತದೆ. ಆ ಗಷ್ಟನ್ನು ಬೇರೆ ಡಬ್ಬದಲ್ಲಿ ತುಂಬಿಡುತ್ತೇನೆ, ಕಾಲೇಜು ಲ್ಯಾಬಿನ ಕಸದ ಜೊತೆ ಹೋಗುತ್ತದೆ.

ಇನ್ನು ಗಟ್ಟಿ ಮಾಡುವ ಪದಾರ್ಥ. ಇದೇ ನನ್ನ ತಲೆ ತಿಂದದ್ದು.

ಮೊದಲು ಪಟಿಕ, ಅದೇ ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಉಜ್ಜುವ ಕಲ್ಲು. ಫೋಟೋ ಫಿಕ್ಸರ್‌ಗಳಲ್ಲಿ ಗಟ್ಟಿ ಮಾಡಲು ಹಾಕುವುದೂ ಇದನ್ನೇ. ಅವಸರದಲ್ಲಿ ಗಾಢ ದ್ರಾವಣ ಮಾಡಿ ಬಿಸಿ ಜೆಲಟಿನ್‌ಗೆ ಸುರಿದೆ. ಅಂಬಲಿ ಗಂಟಾದ ಹಾಗೆ ಗಂಟು ಗಂಟಾಯಿತು. ತೆಳುಮಾಡಿ ಹನಿಹನಿಯಾಗಿ ಬಿಟ್ಟಾಗ ಬೆರೆಯಿತು, ಪ್ಲೇಟೂ ಚೆನ್ನಾಗಿ ಬಂತು. ಆದರೆ ತೊಳೆಯುವಾಗ ಮತ್ತೆ ಮೆದುವಾಯಿತು. ಪಟಿಕದ ಹಿಡಿತ ಕ್ಷಾರದ ನೀರಿನಲ್ಲಿ ಸಡಿಲವಾಗುತ್ತದೆ. ನಮ್ಮದು ಬೋರ್‌ವೆಲ್ ನೀರು.

ಆಮೇಲೆ ಫಾರ್ಮಾಲಿನ್. ಜೀವಶಾಸ್ತ್ರದ ಲ್ಯಾಬಿನಲ್ಲಿ ಕಪ್ಪೆ ಮುಳುಗಿಸಿಡುತ್ತಿದ್ದ ಆ ವಾಸನೆ ನೆನಪಿದೆಯಾ? ಅದು ಜೆಲಟಿನ್‌ನ ಅಮೈನೋ ಗುಂಪುಗಳನ್ನು ಹಿಡಿಯುತ್ತದೆ. ಕ್ರೋಮಿಯಂ ಹಿಡಿಯುವುದು ಕಾರ್ಬಾಕ್ಸಿಲ್ ಗುಂಪುಗಳನ್ನು. ಅಂದರೆ ಬೆಳಕು ಮಾಡಬೇಕಾದ ಗಂಟುಗಳ ಜಾಗಕ್ಕೆ ಫಾರ್ಮಾಲಿನ್ ಅಡ್ಡ ಬರುವುದಿಲ್ಲ. ಬರೀ ಲೆಕ್ಕದಲ್ಲಿ ನೋಡಿದರೆ ಇದೇ ಒಳ್ಳೆಯದು. ಕೈಗೆ ಬಂದಾಗ ಎರಡು ತೊಂದರೆ. ಡೈಕ್ರೋಮೇಟ್ ಜೊತೆ ಸೇರಿಸುವಂತಿಲ್ಲ, ಅದನ್ನೇ ಕೆಡಿಸುತ್ತದೆ. ಮತ್ತೆ, ಎಲ್ಲಿ ನಿಲ್ಲಿಸಬೇಕೋ ಗೊತ್ತಾಗುವುದಿಲ್ಲ, ದಿನಗಟ್ಟಲೆ ಗಟ್ಟಿಯಾಗುತ್ತಲೇ ಹೋಗುತ್ತದೆ. ನನ್ನ ಮೂರನೇ ಪ್ಲೇಟ್, ಆ ತಿಳಿ ಗಾಜು, ಇದರದ್ದೇ ಕೆಲಸ. ಇದರ ಆವಿಯೂ ಕ್ಯಾನ್ಸರ್‌ಕಾರಕ. ಮನೆಯೊಳಗೆ ಬೇಡ ಅಂತ ಬಿಟ್ಟುಬಿಟ್ಟೆ.

ಉಳಿದದ್ದು ಕ್ರೋಮ್ ಆಲಮ್, ಪಟಿಕದ ಜಾತಿಯದೇ ಕ್ರೋಮಿಯಂ ಉಪ್ಪು. ಕಡು ನೇರಳೆ ಹರಳು, ನೋಡಿದರೆ ಆಭರಣಕ್ಕೆ ಇಡಬಹುದು ಅನ್ನಿಸುತ್ತದೆ. ಬೇಗ ಕರಗಲಿ ಅಂತ ಬಿಸಿನೀರು ಹಾಕಿದೆ, ದ್ರಾವಣ ಹಸಿರಾಯಿತು. ಹಸಿರಾದದ್ದು ಸರಿಯಾಗಿ ಗಟ್ಟಿ ಮಾಡುವುದಿಲ್ಲ. ತಣ್ಣೀರಿನಲ್ಲಿ ತಾಳ್ಮೆಯಿಂದ ಕರಗಿಸಿ ನೇರಳೆಯಾಗಿಯೇ ಇಟ್ಟುಕೊಳ್ಳಬೇಕು.

ಯಾವುದು ಎಷ್ಟು ಗಟ್ಟಿ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಜೆಲಟಿನ್ ಬಳಿದ ಗಾಜಿನ ಪಟ್ಟಿಗಳನ್ನು ಲೋಟದ ನೀರಿನಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ನಿಧಾನವಾಗಿ ಬಿಸಿನೀರು ಸೇರಿಸುತ್ತಾ ಹೋಗುವುದು. ಏನೂ ಹಾಕದ ಜೆಲಟಿನ್ 34 ಡಿಗ್ರಿಗೆ ಸೀರೆ ಜಾರಿದ ಹಾಗೆ ಗಾಜಿನಿಂದ ಜಾರಿತು. ಪಟಿಕದ್ದು 50ರ ಆಚೆಈಚೆ. ಕ್ರೋಮ್ ಆಲಮ್ ಅರ್ಧ ಶೇಕಡಾ ಹಾಕಿದ್ದು 60ರ ತನಕ ನಿಂತಿತು. 1 ಶೇಕಡಾದ್ದು 80 ಮುಟ್ಟಿತು. ಫಾರ್ಮಾಲಿನ್‌ನದ್ದು ಕುದಿಯುವ ನೀರಿಗೂ ಬಗ್ಗಲಿಲ್ಲ. ಹೊಲೊಗ್ರಾಂ ಚೆನ್ನಾಗಿ ಬಂದದ್ದು ಆ 60 ಡಿಗ್ರಿಯ ಪಟ್ಟಿಯ ಹದದಲ್ಲಿ.

ಈಗ ನನ್ನ ಅಳತೆ ಇದು. 100 ಎಂಎಲ್ ಡಿಸ್ಟಿಲ್ಡ್ ವಾಟರ್, 250 ಬ್ಲೂಮ್ ಜೆಲಟಿನ್ 8 ಗ್ರಾಂ. ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು 50 ಡಿಗ್ರಿಯಲ್ಲಿ ಕರಗಿಸುತ್ತೇನೆ. 1 ಶೇಕಡಾ ಕ್ರೋಮ್ ಆಲಮ್ ದ್ರಾವಣ 4 ಎಂಎಲ್, ಹನಿಹನಿಯಾಗಿ, ಕಲಕುತ್ತಾ. ಅಂದರೆ ಜೆಲಟಿನ್ ತೂಕದ ಅರ್ಧ ಶೇಕಡಾ. ಬಟ್ಟೆಯಲ್ಲಿ ಸೋಸಿ, ಗುಳ್ಳೆ ಹೋಗುವ ತನಕ ಬಿಟ್ಟು, ಬೆಚ್ಚಗಿನ 5 ಸೆಂಟಿಮೀಟರ್ ಚೌಕದ ಗಾಜಿನ ಮೇಲೆ ಸಿರಿಂಜಿನಿಂದ 0.4 ಎಂಎಲ್ ಬಿಟ್ಟು ಮೂಲೆಮೂಲೆಗೆ ಹರಡುತ್ತೇನೆ. ಮಟ್ಟವಾದ ಜಾಗದಲ್ಲಿ ಎರಡು ದಿನ ಒಣಗಬೇಕು. ಡೈಕ್ರೋಮೇಟ್ ಆಗ ಇರುವುದಿಲ್ಲ. ಬೆಳಕು ಬಿಡುವ ಹಿಂದಿನ ರಾತ್ರಿ, ಕೆಂಪು ದೀಪದಲ್ಲಿ, 5 ಶೇಕಡಾ ದ್ರಾವಣದಲ್ಲಿ 5 ನಿಮಿಷ ಅದ್ದಿ ಕತ್ತಲಲ್ಲಿ ನಿಲ್ಲಿಸುತ್ತೇನೆ. ಹೀಗೆ ಮಾಡಿದರೆ ಬಳಿದ ಪ್ಲೇಟುಗಳು ತಿಂಗಳುಗಟ್ಟಲೆ ಕಾಯುತ್ತವೆ. ಡೈಕ್ರೋಮೇಟ್ ಸೇರಿದ ಮೇಲೆ ಕತ್ತಲಲ್ಲಿಟ್ಟರೂ ತಾನಾಗಿಯೇ ಗಟ್ಟಿಯಾಗುತ್ತದೆ, ನಾಳೆ ನಾಡಿದ್ದು ಅನ್ನುವಂತಿಲ್ಲ.

ಲೇಸರ್ ವಿಷಯ ಇಲ್ಲಿ ಜಾಸ್ತಿ ಹೇಳುವುದಿಲ್ಲ. ಅದುರದಿರಲಿ ಅಂತ ಸ್ಕೂಟರ್ ಟ್ಯೂಬಿನ ಮೇಲೆ ಕಡಪ ಕಲ್ಲು, ಅದರ ಮೇಲೆ ನಾಣ್ಯ, ನಾಣ್ಯದ ಮೇಲೆ ಪ್ಲೇಟ್. ಇದಕ್ಕೆ ಡೆನಿಸ್ಯೂಕ್ ಪದ್ಧತಿ ಅನ್ನುತ್ತಾರೆ. ಒಂದೇ ಕಿರಣ, ಪ್ಲೇಟ್ ದಾಟಿ ನಾಣ್ಯಕ್ಕೆ ತಾಗಿ ಮರಳುತ್ತದೆ. ಬಸ್ಸುಗಳ ಓಡಾಟ ನಿಂತ ಮೇಲೆ, ರಾತ್ರಿ ಒಂದು ಗಂಟೆಗೆ, 70 ಸೆಕೆಂಡು.

ಹಳದಿ ಹೋಗುವ ತನಕ ತಣ್ಣೀರಿನಲ್ಲಿ ತೊಳೆದು, 50 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಆಮೇಲೆ 80, ಕೊನೆಗೆ ನೀರೇ ಇಲ್ಲದ್ದು. ಈ ಕೊನೆಯದು ಬಿಸಿ ಇರಬೇಕು. ಒಲೆ ಹಚ್ಚುವಂತಿಲ್ಲ, ಹತ್ತಿಕೊಳ್ಳುತ್ತದೆ. ಕೆಟಲಿನ ಬಿಸಿನೀರಿನಲ್ಲಿ ಡಬ್ಬ ಇಟ್ಟು ಕಾಯಿಸುತ್ತೇನೆ. ಆ ರಾತ್ರಿ ಪ್ಲೇಟನ್ನು ನಿಧಾನವಾಗಿ ಮೇಲಕ್ಕೆ ಎಳೆಯುತ್ತಾ ಹೇರ್ ಡ್ರೈಯರ್ ಹಿಡಿದೆ. ಒದ್ದೆಯಾಗಿದ್ದ ಕಡೆ ಬರೀ ಗಾಜು. ಒಣಗುತ್ತಾ ಬಂದ ಅಂಚಿನಲ್ಲಿ ಹೊಂಬಣ್ಣದ ಒಂದು ಗೆರೆ. ಗೆರೆ ಕೆಳಗಿಳಿದಂತೆ ನಾಣ್ಯದ ಅಂಚು, ಸಿಂಹದ ತಲೆ, ಆಮೇಲೆ ಅಕ್ಷರ. ನೀಲಿ ಬೆಳಕಿನಲ್ಲಿ ತೆಗೆದದ್ದು ಹೊಂಬಣ್ಣಕ್ಕೆ ತಿರುಗಿತ್ತು. ಜೆಲಟಿನ್ ಊದಿಕೊಂಡೇ ಉಳಿಯುತ್ತದೆ, ಪದರಗಳು ದೂರ ಸರಿಯುತ್ತವೆ, ಅದಕ್ಕೆ.

ಅಮ್ಮನನ್ನು ಎಬ್ಬಿಸಿ ತೋರಿಸಿದೆ. ಕನ್ನಡಕ ಒರೆಸುವ ಅಭ್ಯಾಸದಲ್ಲಿ ಅವರು ಪ್ಲೇಟಿಗೆ ‘ಹಾ’ ಅಂತ ಉಸಿರು ಬಿಟ್ಟರು. ನಾಣ್ಯ ಕೆಂಪಾಗಿ, ಮಸುಕಾಗಿ, ಮಾಯವಾಯಿತು. ನನ್ನ ಎದೆ ಝಲ್ ಅಂತು. ಅರ್ಧ ನಿಮಿಷದಲ್ಲಿ ಮತ್ತೆ ಬಂತು. ತೇವ ತಾಕಿದರೆ ಡಿಸಿಜಿ ಹೀಗೇ. ಮರುದಿನವೇ ಮೇಲೊಂದು ಗಾಜು ಇಟ್ಟು ಸುತ್ತ ಎಪಾಕ್ಸಿ ಹಾಕಿ ಮುಚ್ಚಬೇಕಿತ್ತು. ಸೋಮಾರಿತನ ಮಾಡಿದೆ. ಆಗಸ್ಟ್ ಮಳೆಯಲ್ಲಿ ಅದು ಪೂರ್ತಿ ಹೋಯಿತು. ನೀರಿನಲ್ಲಿ ನೆನೆಸಿ ಮತ್ತೆ ಆಲ್ಕೋಹಾಲಿಗೆ ಹಾಕಿ ನೋಡಿದೆ. ಬಂತು, ಆದರೆ ಸ್ವಲ್ಪ ಮಬ್ಬು. ಈಗ ಮುಚ್ಚಿದ್ದೇನೆ.

ಆ 250 ಬ್ಲೂಮ್ ಡಬ್ಬದಲ್ಲಿ ಇನ್ನು 200 ಗ್ರಾಂ ಇರಬಹುದು. ಮುಚ್ಚಳದ ಮೇಲೆ ‘ಅರ್ಧ ಶೇಕಡಾ, 60 ಡಿಗ್ರಿ’ ಅಂತ ಬರೆದಿದ್ದೇನೆ. ಹೊಸ ಡಬ್ಬಕ್ಕೆ ಈ ಅಂಕಿ ಹೊಂದುವುದಿಲ್ಲ. ಅದು ಬಂದ ದಿನ ಮತ್ತೆ ಅದೇ ಎರಡು ಲೋಟ, ಕಡ್ಡಿ, ತೂಕದ ಬಟ್ಟು.