ಹೊಸ ಟೂಲ್ ಕಂಡಿತಾ? ಮೊದಲು ತೆಗೆಯುವ ದಾರಿ ನೋಡಿಕೊಳ್ಳಿ

ಬ್ಲಾಗ್ ಬರೆಯುವವರಿಗೆ ಎರಡು ಚಟ ಇರುತ್ತವೆ. ಒಂದು ಬರೆಯುವುದು. ಇನ್ನೊಂದು, ಬರೆಯುವುದನ್ನು ಬಿಟ್ಟು ಬ್ಲಾಗಿನ ಅಂದಚಂದ ತಿದ್ದುತ್ತಾ ಕೂರುವುದು. ನನಗೆ ಎರಡನೆಯದೇ ಜಾಸ್ತಿ. ಹೊಸ ಥೀಮ್, ಹೊಸ ಫಾಂಟ್, ಬರಹದ ಕೆಳಗೆ 'ಇದನ್ನೂ ಓದಿ' ಎಂದು ತೋರಿಸುವ ಪಟ್ಟಿ, ಹೀಗೆ ಏನು ಕಂಡರೂ ಒಮ್ಮೆ ಹಾಕಿ ನೋಡದಿದ್ದರೆ ಸಮಾಧಾನ ಇಲ್ಲ. ಗೆಳೆಯರ ಬ್ಲಾಗುಗಳು ಕೆಟ್ಟಾಗ ರಿಪೇರಿಗೆ ಕರೆ ಬರುವುದೂ ನನಗೇ. ಆ ಕರೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಮಾತಿನಿಂದ ಶುರುವಾಗುತ್ತವೆ: "ನಾನೇನೂ ಮಾಡಿಲ್ಲ, ಸುಮ್ನೆ ಒಂದು ಕೋಡ್ ಪೇಸ್ಟ್ ಮಾಡಿದೆ ಅಷ್ಟೇ."

ಪೇಸ್ಟ್ ಮಾಡಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎಲ್ಲಿ ಪೇಸ್ಟ್ ಮಾಡಿದಿರಿ, ವಾಪಸ್ ತೆಗೆಯುವುದು ಹೇಗೆ ಅನ್ನುವುದು ಗೊತ್ತಿರಬೇಕು. ಯಾವ ಟೂಲ್ ಬಂದರೂ ನಾನು ಮೊದಲು ಹುಡುಕುವುದು ಅದನ್ನು ಕಿತ್ತುಹಾಕುವ ದಾರಿಯನ್ನು. ಅದರ ಗುಣಗಾನ ಓದುವುದು ಆಮೇಲೆ.

ಹಾಳುಮಾಡಲಿಕ್ಕೆಂದೇ ಒಂದು ಬ್ಲಾಗ್

ಗೂಗಲ್‌ನ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಒಂದು ಖಾತೆಗೆ 100 ಬ್ಲಾಗುಗಳವರೆಗೆ ಮಾಡಿಕೊಳ್ಳಬಹುದು. ಅದರಲ್ಲಿ ಒಂದನ್ನು ಪ್ರಯೋಗಕ್ಕೆ ಮೀಸಲಿಡಿ. ಸೆಟ್ಟಿಂಗ್ಸ್‌ಗೆ ಹೋಗಿ, ಸರ್ಚ್ ಎಂಜಿನ್‌ಗಳಿಗೆ ಕಾಣಿಸುವ ಆಯ್ಕೆಯನ್ನು ಆಫ್ ಮಾಡಿ. ಬ್ಲಾಗನ್ನು ಪೂರ್ತಿ ಪ್ರೈವೇಟ್ ಮಾಡಲು ಹೋಗಬೇಡಿ. ಹಾಗೆ ಮಾಡಿದರೆ ಮುಂದೆ ಹೇಳುವ ವೇಗದ ಪರೀಕ್ಷೆ ಒಳಗೆ ಬರಲಾಗದೆ ಬಾಗಿಲಲ್ಲೇ ನಿಲ್ಲುತ್ತದೆ.

ಈಗ ನಿಮ್ಮ ಅಸಲಿ ಬ್ಲಾಗಿನ ಥೀಮ್ ಪುಟ ತೆರೆಯಿರಿ. ಕಸ್ಟಮೈಸ್ ಬಟನ್ನಿನ ಪಕ್ಕದ ಸಣ್ಣ ಬಾಣದ ಗುರುತನ್ನು ಒತ್ತಿದರೆ ಬ್ಯಾಕಪ್, ರಿಸ್ಟೋರ್ ಎರಡೂ ಸಿಗುತ್ತವೆ. ಬ್ಯಾಕಪ್ ತೆಗೆದುಕೊಂಡು, ಆ ಎಕ್ಸ್‌ಎಂಎಲ್ ಫೈಲನ್ನು ಪ್ರಯೋಗದ ಬ್ಲಾಗಿನಲ್ಲಿ ರಿಸ್ಟೋರ್ ಮಾಡಿ. ಗ್ಯಾಜೆಟ್‌ಗಳ (ಬ್ಲಾಗಿನ ಬದಿಗೋ ಕೆಳಗೋ ಸೇರಿಸುವ ಪುಟ್ಟ ಚೌಕಗಳ) ಒಳಗೆ ನೀವೇ ಹಾಕಿದ ಕೋಡನ್ನು ಬೇರೆಯಾಗಿ ನೋಟ್‌ಪ್ಯಾಡಿಗೆ ಕಾಪಿ ಮಾಡಿಟ್ಟುಕೊಳ್ಳಿ, ಅದಕ್ಕೂ ಥೀಮ್ ಬ್ಯಾಕಪ್ಪನ್ನೇ ನಂಬಬೇಡಿ. ಇನ್ನೊಂದು ಮಾತು: ಈ ಫೈಲಿನಲ್ಲಿ ಇರುವುದು ಥೀಮ್ ಮಾತ್ರ. ಬರಹಗಳಿಗೂ ಕಾಮೆಂಟುಗಳಿಗೂ ಸೆಟ್ಟಿಂಗ್ಸ್‌ನಲ್ಲಿ ಪ್ರತ್ಯೇಕ ಬ್ಯಾಕಪ್ ಇದೆ. ಇದು ಗೊತ್ತಿಲ್ಲದೆ 'ನನ್ನ ಹತ್ತಿರ ಬ್ಯಾಕಪ್ ಇದೆ' ಎಂದು ನಿಶ್ಚಿಂತೆಯಿಂದ ಇರುವವರು ಬಹಳ ಮಂದಿ.

ವರ್ಡ್‌ಪ್ರೆಸ್ ಎಂಬ ಇನ್ನೊಂದು ಬ್ಲಾಗ್ ವ್ಯವಸ್ಥೆ ಬಳಸುವವರಿಗೆ ಈಗ ಇನ್ನೂ ಸುಲಭ. ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಅಂತ ಒಂದಿದೆ. ಅದರಲ್ಲಿ ಇಡೀ ವರ್ಡ್‌ಪ್ರೆಸ್ ನಿಮ್ಮ ಬ್ರೌಸರಿನೊಳಗೇ ಓಡುತ್ತದೆ. ಹೋಸ್ಟಿಂಗ್ ಬೇಡ, ಪಾಸ್‌ವರ್ಡ್ ಬೇಡ. ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಹೊಸ ಸೌಲಭ್ಯ ಸೇರಿಸುವ ತುಣುಕು) ಹಾಕಿ, ಕೆಡಿಸಿ, ಟ್ಯಾಬ್ ಮುಚ್ಚಿ. ಆದರೆ ನಿಮ್ಮ ಬ್ಲಾಗಿನ ಈಗಿನ ಪ್ಲಗಿನ್‌ಗಳ ಜೊತೆ ಹೊಸದು ಹೊಂದಿಕೊಳ್ಳುತ್ತದೋ ಇಲ್ಲವೋ ಎಂಬುದು ಅಲ್ಲಿ ತಿಳಿಯುವುದಿಲ್ಲ. ಅದಕ್ಕೆ ಹೋಸ್ಟಿಂಗ್‌ನವರು ಸ್ಟೇಜಿಂಗ್ (ನಿಮ್ಮ ಬ್ಲಾಗಿನ ಪ್ರಯೋಗದ ನಕಲು) ಕೊಟ್ಟಿದ್ದರೆ ಅದನ್ನು ಬಳಸಿ. ಹೆಲ್ತ್ ಚೆಕ್ ಪ್ಲಗಿನ್ನಿನ ಟ್ರಬಲ್‌ಶೂಟಿಂಗ್ ಮೋಡ್ ಕೂಡ ಒಳ್ಳೆಯದು. ಅದರಲ್ಲಿ ಪ್ಲಗಿನ್‌ಗಳನ್ನು ಆಫ್ ಮಾಡಿ ನೋಡುವುದು ನಿಮಗೆ ಮಾತ್ರ ಕಾಣುತ್ತದೆ, ಓದುಗರಿಗೆ ಬ್ಲಾಗ್ ಎಂದಿನಂತೆಯೇ ಇರುತ್ತದೆ.

ಕೊಂಕು ಹುಡುಕುವ ಬರಹ

ಪ್ರಯೋಗದ ಬ್ಲಾಗಿನಲ್ಲಿ 'ಟೆಸ್ಟ್ ಟೆಸ್ಟ್' ಎಂದು ಎರಡು ಸಾಲು ಬರೆದರೆ ಎಲ್ಲ ಥೀಮೂ ಚೆನ್ನಾಗಿಯೇ ಕಾಣುತ್ತದೆ. ನನ್ನ ಪರೀಕ್ಷೆಯ ಬರಹ ಬೇಕಂತಲೇ ಕಷ್ಟದ್ದು. ತಲೆಬರಹ ಎರಡು ಸಾಲಿಗೆ ಹರಿಯುವಷ್ಟು ಉದ್ದ. ಒಂದು ಅಡ್ಡ ಫೋಟೋ, ಒಂದು ಉದ್ದ ಫೋಟೋ, ನಾಲ್ಕು ಕಂಬಸಾಲಿನ ಒಂದು ಟೇಬಲ್, ಒಂದು ಉದ್ಧರಣೆ. ಪಠ್ಯದಲ್ಲಿ ಸ್ವಾತಂತ್ರ್ಯ, ರಾಷ್ಟ್ರ, ಲಕ್ಷ್ಮಿ, ಸ್ತ್ರೀ, ದುಃಖ, ಅರ್ಘ್ಯ ಇರಲೇಬೇಕು. ಬೋಲ್ಡ್ ಮಾಡಿದ ಒಂದು ಸಾಲು, ವಾಕ್ಯದ ನಡುವೆ ಅಂಕಿಗಳು, ಎಲ್ಲೂ ಮುರಿಯದ ಒಂದು ಉದ್ದ ಸಮಾಸಪದ. ಇಷ್ಟನ್ನು ಮೊಬೈಲಿನಲ್ಲಿ ತೆರೆದು ನೋಡಿದರೆ ಥೀಮಿನ ಬಣ್ಣ ಬಯಲಾಗುತ್ತದೆ.

ಥೀಮ್ ಮಾಡುವವರಲ್ಲಿ ಹೆಚ್ಚಿನವರ ಕಣ್ಣ ಮುಂದೆ ಇಂಗ್ಲಿಷ್ ಅಕ್ಷರ ಮಾತ್ರ ಇರುತ್ತದೆ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಸಾಲುಗಳ ನಡುವಿನ ಅಂತರ, ಅಂದರೆ ಲೈನ್ ಹೈಟ್, 1.4 ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುವ ಹಾಗಾಗುತ್ತದೆ. ನಾನು 1.7 ಇಡುತ್ತೇನೆ, ಕೆಲವು ಫಾಂಟುಗಳಿಗೆ 1.8. ತಲೆಬರಹದ ಅಂತರವನ್ನೂ ಮರೆಯಬೇಡಿ. ಅಲ್ಲಿ 1.1 ಅಥವಾ 1.2 ಇಟ್ಟಿರುವ ಥೀಮುಗಳು ಬೇಕಾದಷ್ಟಿವೆ, ಎರಡು ಸಾಲಿನ ಕನ್ನಡ ತಲೆಬರಹ ಒಂದರ ಮೇಲೊಂದು ಹತ್ತಿ ಕೂರುತ್ತದೆ. ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಇದ್ದರೆ ಸೊನ್ನೆ ಮಾಡಿ. ಮೊದಲ ಅಕ್ಷರವನ್ನು ದೊಡ್ಡದಾಗಿ ತೋರಿಸುವ ಅಲಂಕಾರ ಇದ್ದರೆ 'ಸ್ತ್ರೀ'ಯಿಂದ ಶುರುವಾಗುವ ಪ್ಯಾರಾ ಇಟ್ಟು ನೋಡಿ, ಅಕ್ಷರ ಒಡೆದರೆ ತೆಗೆದುಬಿಡಿ.

ಫಾಂಟ್ ಬದಲಿಸುವುದಾದರೆ ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ ಎಲ್ಲ ಸಿಗುತ್ತವೆ. ಉದ್ದ ಬರಹಕ್ಕೆ ನನ್ನ ಓಟು ನೋಟೋಗೆ. ಬಾಲೂ ತಮ್ಮ ತಲೆಬರಹಕ್ಕೆ ಚೆಂದ, ಆದರೆ ಇಡೀ ಪುಟ ಅದರಲ್ಲೇ ಇದ್ದರೆ ಯಾರೋ ಕಿವಿಯ ಹತ್ತಿರ ಬಂದು ಜೋರಾಗಿ ಮಾತಾಡಿದ ಹಾಗೆ. ಎಷ್ಟು ದಪ್ಪಗಳು ಬೇಕೋ ಅಷ್ಟನ್ನೇ ಆರಿಸಿ. ಸಾದಾ ಮತ್ತು ಬೋಲ್ಡ್ ಎರಡು ಸಾಕು.

ಕೆಲವು ಟೂಲುಗಳು ಕನ್ನಡವನ್ನು ಎಣಿಸುವುದೇ ಇಲ್ಲ. 'ಓದಲು ಬೇಕಾದ ಸಮಯ' ತೋರಿಸುವ ಪ್ಲಗಿನ್‌ಗಳಲ್ಲಿ ಕೆಲವು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಪದ ಎಂದು ಲೆಕ್ಕ ಹಾಕುತ್ತವೆ. ಎರಡು ಸಾವಿರ ಪದದ ಲೇಖನಕ್ಕೂ 'ಒಂದು ನಿಮಿಷ' ಎಂದು ಬೋರ್ಡು ಹಾಕುತ್ತವೆ! ಪುಟದ ವಿಳಾಸದ್ದು ಇನ್ನೊಂದು ಕಥೆ. ಕನ್ನಡ ತಲೆಬರಹ ಕೊಟ್ಟರೆ ಬ್ಲಾಗರ್ ಅದನ್ನು ಬಿಟ್ಟು 'ಬ್ಲಾಗ್-ಪೋಸ್ಟ್' ಎಂಬ ಮೊಂಡು ವಿಳಾಸ ಕೊಡುತ್ತದೆ. ವರ್ಡ್‌ಪ್ರೆಸ್ ಕನ್ನಡವನ್ನು ಇಟ್ಟುಕೊಳ್ಳುತ್ತದೆ, ಆದರೆ ವಿಳಾಸದಲ್ಲಿ ಒಂದೊಂದು ಕನ್ನಡ ಚಿಹ್ನೆಯೂ 9 ಅಕ್ಷರದಷ್ಟು ಜಾಗ ತಿನ್ನುತ್ತದೆ. ಅಲ್ಲಿರುವ ಮಿತಿ 200. ಹಾಗಾಗಿ ಇಪ್ಪತ್ತೆರಡು ಚಿಹ್ನೆ ದಾಟುವಷ್ಟರಲ್ಲಿ ತಲೆಬರಹ ತುಂಡಾಗುತ್ತದೆ. ಕಾಗುಣಿತ, ಒತ್ತು ಎಲ್ಲ ಲೆಕ್ಕಕ್ಕೆ ಬರುತ್ತವೆ ಎಂಬುದು ನೆನಪಿರಲಿ. ಪ್ರಕಟಿಸುವ ಮೊದಲೇ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕ ವಿಳಾಸ ಕೈಯಾರೆ ಬರೆದುಬಿಟ್ಟರೆ ಎರಡೂ ಕಡೆ ತಲೆನೋವಿಲ್ಲ.

ಒಂದು ಸಲಕ್ಕೆ ಒಂದೇ

ಒಂದೇ ಸಂಜೆ ಮೂರು ಟೂಲ್ ಹಾಕಿದರೆ ಯಾವುದರಿಂದ ಏನಾಯಿತು ಎಂದು ದೇವರಿಗೇ ಗೊತ್ತು. ಒಂದು ಹಾಕಿ, ಅಳೆಯಿರಿ, ಕೆಲವು ದಿನ ಬಿಡಿ, ಆಮೇಲೆ ಮುಂದಿನದು. ಅಳೆಯಲು ಗೂಗಲ್‌ನ ವೇಗದ ಪರೀಕ್ಷೆ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಸಾಕು. ಮೊಬೈಲ್ ಟ್ಯಾಬನ್ನೇ ನೋಡಿ, ಮೂರು ಸಲ ಓಡಿಸಿ ನಡುವಿನ ಅಂಕಿ ಹಿಡಿಯಿರಿ, ಏಕೆಂದರೆ ಒಂದೊಂದು ಸಲ ಒಂದೊಂದು ಬರುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ ಪುಟ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಓದುವಾಗ ಸಾಲುಗಳು ಎಗರಾಡುವುದರ ಅಂಕಿ 0.1 ಮೀರಬಾರದು. ಇವು ಗೂಗಲ್ ಇಟ್ಟಿರುವ ಗೆರೆಗಳು. ಟೂಲ್ ಹಾಕುವ ಮೊದಲಿನ ಅಂಕಿ ಬರೆದಿಟ್ಟುಕೊಂಡಿರದಿದ್ದರೆ ಆಮೇಲಿನ ಅಂಕಿಯಿಂದ ಏನು ಪ್ರಯೋಜನ, ಅಲ್ವಾ?

ಚಿತ್ರಗಳನ್ನು ತಡವಾಗಿ, ಅಂದರೆ ಓದುಗರು ಅಲ್ಲಿಗೆ ಬಂದಾಗಷ್ಟೇ, ಲೋಡ್ ಮಾಡುವ ಪ್ಲಗಿನ್‌ಗಳ ಬಗ್ಗೆ ಒಂದು ಮಾತು. ವರ್ಡ್‌ಪ್ರೆಸ್ 2020ರ 5.5 ಆವೃತ್ತಿಯಿಂದ ಈ ಕೆಲಸವನ್ನು ತಾನೇ ಮಾಡುತ್ತದೆ. ಮೇಲೆ ಇನ್ನೊಂದು ಹೇರಿದರೆ ಪುಟದ ಮೊದಲ ಚಿತ್ರವೂ ತಡವಾಗಿ, ವೇಗ ಹೆಚ್ಚುವ ಬದಲು ಇಳಿಯಬಹುದು. ಅದರ ಬದಲು ಫೋಟೋಗಳನ್ನೇ ಸ್ಕ್ವೂಶ್ ಎಂಬ ವೆಬ್‌ಸೈಟಿನಲ್ಲಿ 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ (ಹಗುರವಾದ ಚಿತ್ರ ರೂಪ) ಮಾಡಿ ಹಾಕಿ. ಫೋಟೋ ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಕೆಲಸ ಬ್ರೌಸರಿನಲ್ಲೇ ಮುಗಿಯುತ್ತದೆ.

ಕೋಡ್ ಯಾರ ಮನೆಯಿಂದ ಬರುತ್ತಿದೆ?

ಪೇಸ್ಟ್ ಮಾಡುವ ಮೊದಲು ಕೋಡಿನಲ್ಲಿ ಯಾವ ವಿಳಾಸ ಇದೆ ನೋಡಿ. ಬೇರೆಯವರ ಸರ್ವರಿನಿಂದ ಸ್ಕ್ರಿಪ್ಟ್ ಬರುತ್ತಿದ್ದರೆ, ನಾಳೆ ಅವರು ಅದರಲ್ಲಿ ಏನು ಬದಲಿಸಿದರೂ ನಿಮ್ಮ ಬ್ಲಾಗಿನಲ್ಲಿ ಓಡುತ್ತದೆ. 2024ರಲ್ಲಿ ಪಾಲಿಫಿಲ್ ಡಾಟ್ ಐಒ ವಿಷಯದಲ್ಲಿ ಆಗಿದ್ದು ಇದೇ. ವರ್ಷಗಟ್ಟಲೆ ಎಲ್ಲರೂ ನಂಬಿ ಬಳಸುತ್ತಿದ್ದ ಸ್ಕ್ರಿಪ್ಟಿನ ವಿಳಾಸ ಬೇರೆಯವರ ಕೈಗೆ ಹೋಯಿತು. ಆಮೇಲೆ ಲಕ್ಷಕ್ಕೂ ಹೆಚ್ಚು ಸೈಟುಗಳಲ್ಲಿ ಓದುಗರನ್ನು ಎಲ್ಲೆಲ್ಲಿಗೋ ಎಳೆದೊಯ್ಯುವ ಕೋಡ್ ಸೇರಿಕೊಂಡಿತು. ಸೈಟಿನವರು ತಮ್ಮ ಕಡೆಯಿಂದ ಒಂದಕ್ಷರವನ್ನೂ ಬದಲಿಸಿರಲಿಲ್ಲ.

ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆರೆದು ಪುಟವನ್ನು ರಿಫ್ರೆಶ್ ಮಾಡಿ. ಒಂದು ಸಣ್ಣ ಶೇರ್ ಬಟನ್ ಹಿಂದೆ ಎಷ್ಟು ಅಪರಿಚಿತ ವಿಳಾಸಗಳು ಸಾಲುಗಟ್ಟಿವೆ ಎಂದು ಅಲ್ಲಿ ಕಾಣುತ್ತದೆ. ಜಾಸ್ತಿ ಕಂಡರೆ ನಾನಂತೂ ಅಲ್ಲಿಗೇ ನಿಲ್ಲಿಸುತ್ತೇನೆ.

ಬ್ಲಾಗರ್‌ನಲ್ಲಿ ಹೊರಗಿನ ಕೋಡನ್ನು ಥೀಮಿನ ಎಚ್‌ಟಿಎಂಎಲ್ ಒಳಗೆ ತುರುಕುವ ಬದಲು ಲೇಔಟ್‌ನಲ್ಲಿ ಎಚ್‌ಟಿಎಂಎಲ್/ಜಾವಾಸ್ಕ್ರಿಪ್ಟ್ ಗ್ಯಾಜೆಟ್ ಸೇರಿಸಿ ಅದರಲ್ಲಿ ಹಾಕಿ. ಬೇಡವಾದಾಗ ಗ್ಯಾಜೆಟ್ ಅಳಿಸಿದರೆ ಮುಗಿಯಿತು. ಥೀಮಿನಲ್ಲೇ ಹಾಕಬೇಕಾದರೆ ಅದರ ಮೇಲೂ ಕೆಳಗೂ ಒಂದೊಂದು ಕಾಮೆಂಟ್ ಸಾಲಿನಲ್ಲಿ ದಿನಾಂಕ, ಟೂಲಿನ ಹೆಸರು ಬರೆಯಿರಿ.

ಕಿತ್ತ ಮೇಲೆ ಉಳಿಯುವ ಕಲೆ

ವರ್ಡ್‌ಪ್ರೆಸ್ ಪ್ಲಗಿನ್‌ಗಳಲ್ಲಿ ಕೆಲವು ಬರಹದೊಳಗೆ ಶಾರ್ಟ್‌ಕೋಡ್ (ಪ್ಲಗಿನ್ನಿಗೆ ಸೂಚನೆ ಕೊಡುವ, ಚೌಕ ಕಂಸದೊಳಗಿನ ಪುಟ್ಟ ಸಾಲು) ಹಾಕಿಸುತ್ತವೆ. ಪ್ಲಗಿನ್ ತೆಗೆದ ದಿನ ಆ ಚೌಕ ಕಂಸದ ಸಾಲುಗಳು ಹಳೆಯ ಬರಹಗಳಲ್ಲೆಲ್ಲ ಬೆತ್ತಲಾಗಿ ಕಾಣುತ್ತವೆ. ಆದ್ದರಿಂದ ಪ್ರಯೋಗದ ಬ್ಲಾಗಿನಲ್ಲಿ ಟೂಲನ್ನು ಹಾಕಿ ನೋಡಿದರೆ ಸಾಲದು, ತೆಗೆದೂ ನೋಡಿ. ಡಿಆಕ್ಟಿವೇಟ್ ಮಾಡಿ ಬಿಟ್ಟರೆ ಫೈಲುಗಳು ಸರ್ವರಿನಲ್ಲೇ ಇರುತ್ತವೆ, ಡಿಲೀಟ್ ಕೂಡ ಮಾಡಿ.

ಟೂಲೇ ಒಂದು ದಿನ ಕಣ್ಮುಚ್ಚಬಹುದು. ಬ್ಲಾಗುಗಳನ್ನೆಲ್ಲ ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ನಿಂತಿತು. ಗೂಗಲ್‌ನ ಸಾಮಾಜಿಕ ಜಾಲವಾಗಿದ್ದ ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿದಾಗ ಬ್ಲಾಗರ್‌ನಲ್ಲಿ ಅದರ ಮೂಲಕ ಬರೆದ ಕಾಮೆಂಟುಗಳೂ ಹೋದವು. ಹೊಸ ಬರಹಗಳನ್ನು ಓದುಗರಿಗೆ ತಲುಪಿಸುತ್ತಿದ್ದ ಫೀಡ್‌ಬರ್ನರ್ 2021ರಲ್ಲಿ ಇಮೇಲ್ ಕಳಿಸುವುದನ್ನು ಕೈಬಿಟ್ಟಿತು. ಅದಕ್ಕೇ ಕಾಮೆಂಟು ಮತ್ತು ಓದುಗರ ಇಮೇಲ್ ಪಟ್ಟಿ, ಈ ಎರಡರ ವಿಷಯದಲ್ಲಿ ನಾನು ಜಿಪುಣ. ಎಲ್ಲವನ್ನೂ ಒಂದು ಫೈಲಾಗಿ ಇಳಿಸಿಕೊಳ್ಳುವ ಬಟನ್ ಇಲ್ಲದ ಟೂಲಿಗೆ ಅವನ್ನು ಒಪ್ಪಿಸುವುದಿಲ್ಲ. ಬಟನ್ ಇದ್ದರೆ ಹಾಕಿದ ದಿನವೇ ಒಮ್ಮೆ ಒತ್ತಿ, ಬಂದ ಫೈಲನ್ನು ತೆರೆದು ಕನ್ನಡ ಸರಿಯಾಗಿ ಬಂದಿದೆಯೇ ನೋಡುತ್ತೇನೆ. ಪ್ರಶ್ನಾರ್ಥಕ ಚಿಹ್ನೆಗಳೇ ತುಂಬಿದ್ದರೆ ಮೊದಲು ಅದೇ ಫೈಲನ್ನು ಯುಟಿಎಫ್-8 (ಕನ್ನಡ ಅಕ್ಷರಗಳನ್ನೂ ಹಿಡಿದಿಡುವ ಸಂಕೇತ ಪದ್ಧತಿ) ಎಂದು ಆರಿಸಿ ಮತ್ತೊಮ್ಮೆ ತೆರೆಯಿರಿ. ಆಗಲೂ ಹಾಗೆಯೇ ಇದ್ದರೆ ಬೇರೆ ಟೂಲ್ ಹುಡುಕಿ.